ನೈಟ್‌ಸ್ಕೌಟ್

ಟೈಪ್ 1 ಮಧುಮೇಹಿಗಳ ಸಕ್ಕರೆ ಮಟ್ಟವನ್ನು ದೂರದಿಂದಲೇ ನೋಡಲು ನೆರವಾಗುವ ಮುಕ್ತ ತಂತ್ರಾಂಶ. ರೋಗಿಗಳೂ ಅವರ ಮನೆಯವರೂ ಸೇರಿ ಕಟ್ಟಿ ಬೆಳೆಸಿದ್ದು. ಚರ್ಮದಡಿಯ ಸೆನ್ಸರ್ ಐದು ನಿಮಿಷಕ್ಕೊಮ್ಮೆ ಕೊಡುವ ಅಂಕಿ ಮೊದಲು ಹತ್ತಿರದಲ್ಲೇ ಇರಬೇಕಾದ ಪುಟ್ಟ ರಿಸೀವರ್‌ನಲ್ಲಿ ಮಾತ್ರ ಕಾಣುತ್ತಿತ್ತು. ಮಗು ಶಾಲೆಯಲ್ಲಿದ್ದರೆ, ಪಕ್ಕದ ಕೋಣೆಯಲ್ಲಿ ಮಲಗಿದ್ದರೆ, ಸಕ್ಕರೆ ಕುಸಿದದ್ದು ಹೆತ್ತವರಿಗೆ ತಿಳಿಯುತ್ತಿರಲಿಲ್ಲ. ಈ ಆತಂಕವೇ ನೈಟ್‌ಸ್ಕೌಟ್‌ನ ಮೂಲ. 2013ರಲ್ಲಿ ನ್ಯೂಯಾರ್ಕ್ ರಾಜ್ಯದ ಎಂಜಿನಿಯರ್ ಜಾನ್ ಕಾಸ್ಟಿಕ್ ತಮ್ಮ ಮಗನ ಡೆಕ್ಸ್‌ಕಾಮ್ ಕಂಪನಿಯ ರಿಸೀವರ್‌ನ ಅಂಕಿಗಳನ್ನು ಅಂತರಜಾಲಕ್ಕೆ ಏರಿಸಿದರು. ಇತರರು ಕೈಜೋಡಿಸಿದರು; ರಿಸೀವರನ್ನು ಕೇಬಲ್‌ನಿಂದ ಆಂಡ್ರಾಯ್ಡ್ ಫೋನಿಗೆ ಸಿಕ್ಕಿಸಿದರೆ ದೂರದಲ್ಲಿರುವ ತಾಯಿಯ ಸ್ಮಾರ್ಟ್ ಕೈಗಡಿಯಾರದಲ್ಲೂ ಅಂಕಿ ಮೂಡತೊಡಗಿತು.

2014ರಿಂದ ಫೇಸ್‌ಬುಕ್ ಗುಂಪಿನಲ್ಲಿ ಸ್ವಯಂಸೇವಕರು ಹೊಸಬರಿಗೆ ಇದರ ಅಳವಡಿಕೆಯನ್ನು ಹೆಜ್ಜೆಹೆಜ್ಜೆಯಾಗಿ ಹೇಳಿಕೊಟ್ಟರು. ಕೋಡ್ ಬರೆಯಲು ಬಾರದವರೂ ಬಳಸುವಂತಾದದ್ದು ಇವರಿಂದ. ತಂತ್ರಾಂಶದಷ್ಟೇ ಈ ಒತ್ತಾಸೆಯೂ ದೊಡ್ಡದು. 'ನಾವು ಕಾಯುತ್ತ ಕೂರುವುದಿಲ್ಲ' ಎಂಬುದು ಈ ಚಳವಳಿಯ ಘೋಷಣೆ. ಇದೇ ಹಾದಿಯಲ್ಲಿ, ಸ್ವತಃ ಮಧುಮೇಹಿಯಾದ ಡೇನಾ ಲೂಯಿಸ್ 2015ರಲ್ಲಿ ಸಂಗಡಿಗರೊಂದಿಗೆ ಹೊರತಂದ ಓಪನ್‌ಎಪಿಎಸ್, ಸೆನ್ಸರ್ ಅಂಕಿ ನೋಡಿ ಪಂಪಿನ ಇನ್ಸುಲಿನ್ ಪ್ರಮಾಣವನ್ನು ತಾನೇ ಹೊಂದಿಸುತ್ತದೆ. ಆದರೆ ನೈಟ್‌ಸ್ಕೌಟ್ ಅಂಕಿ ತೋರಿಸುತ್ತದಷ್ಟೆ. ಚಿಕಿತ್ಸೆಯ ವಿಷಯದಲ್ಲಿ ಅದು ವೈದ್ಯರ ಸಲಹೆಗೆ ಬದಲಿಯಲ್ಲ.