ಕರ್ಕ್ಯುಮಿನ್: ಬಣ್ಣದ ವಸ್ತುವೊಂದು ಉತ್ಕರ್ಷಣ ನಿರೋಧಕವೆನಿಸಿಕೊಂಡ ಬಗೆ

ಸುಣ್ಣ ಸೋಕಿದರೆ ಅರಿಶಿನ ಕೆಂಪಾಗುತ್ತದೆ. ಕುಂಕುಮ ಮಾಡುವವರಿಗೂ ಆರತಿ ತಟ್ಟೆಗೆ ಓಕುಳಿ ಕಲಸುವವರಿಗೂ ಗೊತ್ತಿರುವ ಈ ಗುಣವನ್ನು ಹತ್ತೊಂಬತ್ತನೆಯ ಶತಮಾನದ ಯುರೋಪಿನ ರಸಾಯನ ತಜ್ಞರು ಕ್ಷಾರವನ್ನು ಗುರುತಿಸಲು ಬಳಸಿಕೊಂಡರು. ಅರಿಶಿನ ಸವರಿದ ಕಾಗದ ಅವರ ಮೇಜಿನ ಮೇಲೆ ಇರುತ್ತಿತ್ತು. ಇಂದು ಉತ್ಕರ್ಷಣ ನಿರೋಧಕವೆಂದು ಹೊಗಳಿಸಿಕೊಳ್ಳುವ ಕರ್ಕ್ಯುಮಿನ್‌ನ ಶಕ್ತಿಯೂ ಮಿತಿಯೂ ಈ ಕೆಂಪಿನ ಹಿಂದಿರುವ ರಸಾಯನ ಕ್ರಿಯೆಗೆ ತೀರ ಹತ್ತಿರದವು ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

1815ರಲ್ಲಿ ವೋಗೆಲ್ ಮತ್ತು ಪೆಲ್ಲೆಟಿಯೆ ಅರಿಶಿನದ ಗೆಡ್ಡೆಯಿಂದ ಹಳದಿ ವಸ್ತುವನ್ನು ಬೇರ್ಪಡಿಸಿ ಅದನ್ನು ಕರ್ಕ್ಯುಮಿನ್ ಎಂದು ಕರೆದರು. ಅದು ಶುದ್ಧವಾಗಿರಲಿಲ್ಲ. 1870ರಲ್ಲಿ ಡೌಬೆ ಹರಳುಗಳನ್ನು ಪಡೆದರು. 1910ರಲ್ಲಿ ಮಿಲೊಬೆಂಡ್ಜ್ಕಾ, ಕೊಸ್ತಾನೆಟ್ಸ್ಕಿ ಮತ್ತು ಲಾಂಪೆ ಅಣುರಚನೆಯನ್ನು ನಿರೂಪಿಸಿದರು: ಏಳು ಕಾರ್ಬನ್ನುಗಳ ಸರಪಳಿ, ಅದರ ಎರಡು ತುದಿಗಳಲ್ಲಿ ಒಂದೊಂದು ಫೀನಾಲ್ ಉಂಗುರ. 1953ರಲ್ಲಿ ಕೆ. ಆರ್. ಶ್ರೀನಿವಾಸನ್ ಕ್ರೊಮಟೊಗ್ರಫಿಯ ಮೂಲಕ ಈ ಹಳದಿಯಲ್ಲಿ ಒಂದಕ್ಕಿಂತ ಹೆಚ್ಚು ವಸ್ತುಗಳಿವೆಯೆಂದು ತೋರಿಸಿದರು. ಮಾರುಕಟ್ಟೆಯ 'ಕರ್ಕ್ಯುಮಿನ್' ಇಂದಿಗೂ ಹೆಚ್ಚಾಗಿ ಮೂರು ಕರ್ಕ್ಯುಮಿನಾಯ್ಡ್‌ಗಳ ಮಿಶ್ರಣವೇ. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಮಾತ್ರ ಕರ್ಕ್ಯುಮಿನ್. ಅದು ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು, ಆಲ್ಕೋಹಾಲಿನಲ್ಲಿ ಕರಗುತ್ತದೆ. ಆದ್ದರಿಂದ ಅರಿಶಿನದ ಕಷಾಯವನ್ನೂ ಅದೇ ಗೆಡ್ಡೆಯ ಆಲ್ಕೋಹಾಲ್ ಸಾರವನ್ನೂ 'ಅರಿಶಿನದ ಸಾರ' ಎಂಬ ಒಂದೇ ಹೆಸರಿನಲ್ಲಿ ಹೋಲಿಸುವ ಪ್ರಬಂಧಗಳನ್ನು ಎಚ್ಚರದಿಂದ ಓದಬೇಕು.

ಉತ್ಕರ್ಷಣ ನಿರೋಧಕಗಳು ತಣಿಸುವ ಸ್ವತಂತ್ರ ರ‍್ಯಾಡಿಕಲ್‌ಗಳೇ ಮುಪ್ಪಿಗೆ ಕಾರಣವೆಂಬ ವಾದವನ್ನು ಡೆನ್‌ಹ್ಯಾಮ್ ಹಾರ್ಮನ್ ಮಂಡಿಸಿದ್ದು 1956ರಲ್ಲಿ. ಎರಡು ವರ್ಷಗಳ ಬಳಿಕ ಮಾರ್ಸ್‌ಡೆನ್ ಬ್ಲಾಯ್ಸ್ ಸುಲಭದ ಅಳತೆಯೊಂದನ್ನು ಪ್ರಕಟಿಸಿದರು. ಡಿಪಿಪಿಎಚ್ ಎಂಬ ಸ್ಥಿರ ರ‍್ಯಾಡಿಕಲ್‌ನ ದ್ರಾವಣ ಕಡುನೇರಳೆ. ಅದಕ್ಕೆ ಹೈಡ್ರೋಜನ್ ದೊರೆತರೆ ಬಣ್ಣ ಇಳಿದು ತಿಳಿಹಳದಿಯಾಗುತ್ತದೆ. ಈ ಇಳಿಕೆಯನ್ನು 517 ನ್ಯಾನೋಮೀಟರ್ ತರಂಗದೂರದಲ್ಲಿ ಅಳೆಯುವುದೇ ವಿಧಾನದ ತಿರುಳು. ಅಗ್ಗವೂ ಸರಳವೂ ಆದ ಈ ವಿಧಾನ ಔಷಧೀಯ ಸಸ್ಯಗಳ ಅಧ್ಯಯನಕ್ಕೆ ದೊಡ್ಡ ಉಪಕಾರ ಮಾಡಿದೆ. ಅದರ ಅಂಕಿಯನ್ನು ದೇಹದೊಳಗಿನ ಫಲಿತಾಂಶವೆಂದು ಓದುವ ಅಭ್ಯಾಸವೂ ಇದರಿಂದಲೇ ಬೆಳೆಯಿತು. ಅಮೆರಿಕದ ಕೃಷಿ ಇಲಾಖೆ ಇಂಥದ್ದೇ ಇನ್ನೊಂದು ಅಳತೆಯಾದ ಓರ್ಯಾಕ್‌ನ ಆಹಾರ ಪಟ್ಟಿಯನ್ನು 2012ರಲ್ಲಿ ಹಿಂತೆಗೆದುಕೊಂಡಿತು.

ಕರ್ಕ್ಯುಮಿನ್ ರ‍್ಯಾಡಿಕಲ್‌ಗಳನ್ನು ತಣಿಸುವುದು ನಿಜ. ಅಣುವಿನ ಯಾವ ಭಾಗದಿಂದ ಎಂಬ ಬಗ್ಗೆ ಗಂಭೀರ ವಿವಾದ ನಡೆಯಿತು. 1999ರಲ್ಲಿ ಯೊವಾನೊವಿಚ್ ತಂಡ ಸರಪಳಿಯ ನಡುವಿನ ಹೈಡ್ರೋಜನ್‌ನತ್ತ ಬೆರಳು ತೋರಿತು. 2000ದಲ್ಲಿ ಬಾರ್ಕ್ಲೇ ತಂಡ ಫೀನಾಲ್ ಗುಂಪುಗಳ ಪರ ವಾದಿಸಿತು. 2004ರಲ್ಲಿ ಲಿಟ್ವಿನಿಯೆಂಕೊ ಮತ್ತು ಇಂಗೋಲ್ಡ್ ದ್ರಾವಕದ ಪಾತ್ರವನ್ನು ಬಿಡಿಸಿಟ್ಟರು. ಆಲ್ಕೋಹಾಲಿನಲ್ಲಿ ಅಣು ಮೊದಲು ಒಂದು ಪ್ರೋಟಾನನ್ನು ಬಿಡುತ್ತದೆ, ಆಮೇಲೆ ರ‍್ಯಾಡಿಕಲ್‌ಗೆ ಎಲೆಕ್ಟ್ರಾನ್ ಕೊಡುತ್ತದೆ. ಸುಣ್ಣ ಮಾಡುವುದೂ ಪ್ರೋಟಾನುಗಳನ್ನು ಕಸಿಯುವ ಕೆಲಸವನ್ನೇ. ಕುಂಕುಮದ ಕೆಂಪು ಪ್ರೋಟಾನ್ ಕಳೆದುಕೊಂಡ ಅಣುವಿನ ಬಣ್ಣ.

ಇಷ್ಟು ಸುಲಭವಾಗಿ ಕೊಡುವ ಅಣು ಬಹಳ ಹೊತ್ತು ಬಾಳುವುದಿಲ್ಲ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, 7.2 ಪಿಎಚ್‌ನ ಬಫರಿನಲ್ಲಿ ಅರ್ಧ ಗಂಟೆಯೊಳಗೆ ಸುಮಾರು ಶೇಕಡಾ 90ರಷ್ಟು ಕರ್ಕ್ಯುಮಿನ್ ಶಿಥಿಲವಾಗುವುದನ್ನು 1997ರ ಅಧ್ಯಯನ ದಾಖಲಿಸಿತು. ನುಂಗಿದ್ದೂ ರಕ್ತಕ್ಕೆ ತಲುಪುವುದು ಅತ್ಯಲ್ಪ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಮನುಷ್ಯರಲ್ಲಿ ಅದರ ಲಭ್ಯತೆ ಸುಮಾರು 20 ಪಟ್ಟು ಏರಿದ್ದನ್ನು ಕಂಡರು. ಜಗತ್ತಿನೆಲ್ಲೆಡೆ ಉಲ್ಲೇಖಗೊಳ್ಳುವ ಈ ಪ್ರಯೋಗ ಬೆಂಗಳೂರಿನದೆಂಬುದು ನಮ್ಮಲ್ಲಿ ಇನ್ನಷ್ಟು ಪರಿಚಿತವಾಗಬೇಕಿತ್ತು. ಆದರೆ ಪೈಪರಿನ್ ಇಲ್ಲದಿದ್ದಾಗ ರಕ್ತದಲ್ಲಿ ಸಿಕ್ಕ ಕರ್ಕ್ಯುಮಿನ್ ಅಳತೆಗೂ ಸಿಗದಷ್ಟು ಅಥವಾ ತೀರ ಕಡಿಮೆಯಿತ್ತೆಂಬುದನ್ನು ಮರೆತು ಈ 20 ಪಟ್ಟನ್ನು ಓದಬಾರದು.

2017ರಲ್ಲಿ ಕ್ಯಾಥರಿನ್ ನೆಲ್ಸನ್ ಮತ್ತು ಸಹಲೇಖಕರು 120ಕ್ಕೂ ಹೆಚ್ಚು ಚಿಕಿತ್ಸಾ ಪ್ರಯೋಗಗಳ ಹಿನ್ನೆಲೆಯಲ್ಲಿ ಕರ್ಕ್ಯುಮಿನ್ ಅಸ್ಥಿರ, ಪರೀಕ್ಷೆಗಳನ್ನು ದಾರಿತಪ್ಪಿಸುವ ಅಣುವೆಂದು ವಾದಿಸಿದರು. ಆ ವಿಮರ್ಶೆ ಕಟುವಾಗಿದ್ದರೂ ನನ್ನ ದೃಷ್ಟಿಯಲ್ಲಿ ಅಗತ್ಯವಾಗಿತ್ತು. ಈ ನಡುವೆ ಕ್ಲಾಸ್ ಶ್ನೈಡರ್ ತಂಡ ಆ ಶಿಥಿಲತೆಯನ್ನೇ ಅಧ್ಯಯನಕ್ಕೆತ್ತಿಕೊಂಡಿತ್ತು: ಕರ್ಕ್ಯುಮಿನ್ ತಾನೇ ಉತ್ಕರ್ಷಿತವಾಗಿ ಮುಖ್ಯವಾಗಿ ಬೈಸೈಕ್ಲೋಪೆಂಟಡಯೋನ್ ಎಂಬ ಸಂಯುಕ್ತವಾಗುತ್ತದೆಂದು ಅವರು ತೋರಿಸಿದರು. ಕರ್ಕ್ಯುಮಿನ್‌ಗೆ ಆರೋಪಿಸಿದ ಪರಿಣಾಮಗಳಲ್ಲಿ ಇಂಥ ಉತ್ಪನ್ನಗಳ ಪಾಲೆಷ್ಟು ಎಂಬ ಪ್ರಶ್ನೆ ಅಲ್ಲಿಂದ ಸಂಶೋಧನೆಯ ಮುಂದಿದೆ.