ದಾನಪತ್ರದಲ್ಲಿ ಬರೆಸದೆ ಬಿಟ್ಟ ಸಾಲು

ಜಮೀನು ಮಗನ ಹೆಸರಿಗಾದ ಮೇಲೆ ಅಪ್ಪ ಪಡಸಾಲೆಯ ಮೂಲೆ ಹಿಡಿಯುವುದು ನಮ್ಮ ಹಳ್ಳಿಗಳ ಹಳೆಯ ಕಥೆ. ಕಾನೂನು ಆ ಮೂಲೆಗೆ ತಲುಪಿದ್ದು ಬಹಳ ನಿಧಾನವಾಗಿ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ವಯಸ್ಸಾದ ತಂದೆ ತಾಯಿಗೆ ಜೀವನಾಂಶದ ಹಕ್ಕು ಕೊಟ್ಟಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಎಲ್ಲ ಧರ್ಮದವರಿಗೂ ಆ ದಾರಿ ತೆರೆಯಿತು. ಎರಡಕ್ಕೂ ಕೋರ್ಟಿನ ಮೆಟ್ಟಿಲು ಹತ್ತಬೇಕು. ಹೆತ್ತ ಮಗನ ಮೇಲೆ ಹತ್ತುವವರು ಎಷ್ಟು ಮಂದಿ?

2007ರಲ್ಲಿ ಬಂದ ಹಿರಿಯ ನಾಗರಿಕರ ಕಾಯ್ದೆ ದೂರನ್ನು ಕೋರ್ಟಿನಿಂದ ಉಪವಿಭಾಗಾಧಿಕಾರಿಯ ಮುಂದಕ್ಕೆ ತಂದಿತು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ಹಿಂಪಡೆಯಬಹುದು ಎನ್ನುತ್ತದೆ ಅದರ 23ನೇ ಕಲಂ. ತೊಡಕಿರುವುದು ಈ ಷರತ್ತಿನಲ್ಲೇ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಮಗ ಪಕ್ಕದಲ್ಲೇ ನಿಂತಿರುವಾಗ, 'ನನಗೆ ಕೊನೆತನಕ ಅನ್ನ ಹಾಕತಕ್ಕದ್ದು' ಎಂದು ಬರೆಸಲು ಯಾವ ಅಪ್ಪನಿಗೆ ಬಾಯಿ ಬಂದೀತು? ಬರೆಸಿದರೆ ನಂಬಿಕೆಯಿಲ್ಲವೆಂಬ ಮುನಿಸು, ಬರೆಸದಿದ್ದರೆ ಕಲಂ ಕೈಗೆಟುಕದು.

ಷರತ್ತು ಇತ್ತೆಂದು ತೋರಿಸಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ, ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು, ಮಧ್ಯಪ್ರದೇಶದ ತಾಯಿಯೊಬ್ಬರಿಗೆ ಆಸ್ತಿ ಮರಳಿಸಿತು. ಆ ತಾಯಿ ದಾನಪತ್ರದ ಜೊತೆಗೆ ಮಗನ ಹೆಸರಿನ ವಚನಪತ್ರವನ್ನೂ ಮುಂದಿಟ್ಟಿದ್ದರು.