ಮೂಲೆಯಲ್ಲಿ ಫುಲಾ ಇಲ್ಲದ ಕೌದಿ

ಮೊದಲು ನೆಲದ ಮೇಲೆ ಒಂದು ಹಳೆಯ ಸೀರೆ ಹಾಸುತ್ತಾರೆ. ಅದರ ಒಂದು ಮೂಲೆಯಲ್ಲಿ ತುಂಡುಬಟ್ಟೆಯ ಅಂಚನ್ನು ಒಳಕ್ಕೆ ಮಡಚಿ ಸೂಜಿ ಚುಚ್ಚಿದರೆ ಕೆಲಸ ಶುರು. ತುಂಡಿಗೆ ತುಂಡು ಕೂಡಿಸುತ್ತ ನಾಲ್ಕೂ ಅಂಚು ಸುತ್ತಿ ಬರಬೇಕು. ಆಮೇಲೆ ಎರಡನೆಯ ಸುತ್ತು, ಮೂರನೆಯ ಸುತ್ತು. ಸಣ್ಣಸಣ್ಣ ನೇರ ಹೊಲಿಗೆ ಒಳಗೊಳಗೆ ಸರಿಯುತ್ತ ಕೊನೆಗೆ ನಟ್ಟನಡುವೆ ಬಂದು ನಿಲ್ಲುತ್ತದೆ. ತೇಪೆ ಹಚ್ಚುವುದು, ಪದರ ಬಿಗಿಯುವುದು ಎರಡೂ ಒಂದೇ ದಾರದಲ್ಲಿ ಮುಗಿಯುತ್ತವೆ.

ಹಳಿಯಾಳ, ಮುಂಡಗೋಡ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಈ ಕೌದಿ ಹೊರಜಗತ್ತಿನಲ್ಲಿ ಇಂದು ‘ಕವಂದಿ’ ಎಂಬ ಹೆಸರಿನಿಂದ ಓಡಾಡುತ್ತಿದೆ.

ಸಿದ್ದಿಯರ ಹಿರಿಯರು ಪೂರ್ವ ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವಾಕ್ಕೆ ಬಂದ ಎಷ್ಟೋ ಜನ ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಕೊಂಕಣಿ ಮನೆಮಾತಾಯಿತು, ಕನ್ನಡ ಸಂತೆಯ ಮಾತಾಯಿತು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಅವರಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಕಾಡಿನ ಕೂಲಿ, ಜಮೀನ್ದಾರರ ಗದ್ದೆಯ ಕೆಲಸ ಮಾಡಿಕೊಂಡಿದ್ದ ಮನೆಯಲ್ಲಿ ಬಟ್ಟೆಯೆಂದರೆ ಹರಿದರೂ ಎಸೆಯುವ ಸಾಮಾನಲ್ಲ. ಸವೆದ ಸೀರೆ, ಲುಂಗಿ, ಮಕ್ಕಳ ಅಂಗಿ ಎಲ್ಲವೂ ಕೌದಿಗೆ ಹೋಗುತ್ತಿದ್ದವು. ಮಳೆಗಾಲದ ಥಂಡಿಗೆ ಅದೇ ಹಾಸಿಗೆ, ಅದೇ ಹೊದಿಕೆ.

ಈ ಕೌದಿಯ ಬಣ್ಣದ ಜೋಡಣೆಯಲ್ಲಿ ಆಫ್ರಿಕಾದ ನೆನಪನ್ನು ಕಾಣುವವರಿದ್ದಾರೆ. ಆದರೆ ಧಾರವಾಡ, ಬೆಳಗಾವಿ ಕಡೆಯ ಮನೆಗಳಲ್ಲೂ ಕೌದಿ ಹೊಲಿಯುವುದು ಹಳೆಯ ರೂಢಿಯೇ. ಯಾರಿಂದ ಯಾರಿಗೆ ಬಂತೆಂದು ಬೆರಳಿಟ್ಟು ತೋರಿಸಲು ಹಳೆಯ ಕೌದಿಗಳು ಉಳಿದಿಲ್ಲ. ಹೊದ್ದು, ಒಗೆದು, ಬಿಸಿಲಿಗೆ ಹರವಿ ಜನ ಅವನ್ನು ಪೂರ್ತಿ ಸವೆಸಿದ್ದಾರೆ. ಬಳಸಲೆಂದೇ ಹೊಲಿದ ವಸ್ತುವಿಗೆ ಅದು ತಕ್ಕ ಬಾಳು. ಇತಿಹಾಸ ಹುಡುಕುವವರಿಗೆ ಮಾತ್ರ ನಷ್ಟ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಊರುಗಳಿಗೆ ಬಂದು, ಹೊಲಿಯುವವರ ಜತೆ ಕೂತು ಅವರ ಕೆಲಸವನ್ನು ದಾಖಲಿಸಿದರು. 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘ ಹುಟ್ಟಿತು. 2011ರಲ್ಲಿ ಇವರ ಕೌದಿಗಳು ನ್ಯೂಯಾರ್ಕ್‌ನ ಶಾಂಬರ್ಗ್ ಸಂಶೋಧನಾ ಕೇಂದ್ರದ ಗೋಡೆ ಏರಿದವು, ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಪ್ರದರ್ಶನಗೊಂಡವು. ಹಿಂದೂ ಮಹಾಸಾಗರದ ಸುತ್ತ ಚದುರಿದ ಆಫ್ರಿಕನ್ ಮೂಲದವರ ಚರಿತ್ರೆಯನ್ನು ಶಾಂಬರ್ಗ್ ಕೇಂದ್ರ ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಇಟ್ಟಿದೆ. ಮುಂದೆ ಸ್ಯಾನ್ ಫ್ರಾನ್ಸಿಸ್ಕೋದ ಕಲಾವಿದೆ ಮಾರ್ಗರೆಟ್ ಫ್ಯಾಬ್ರಿಜಿಯೊ ಅವರಂಥವರು ಹೊಲಿಗೆಯ ಕ್ರಮವನ್ನು ವಿಡಿಯೊ ಮಾಡಿ ಹಾಕಿದರು. ಹಳಿಯಾಳ ಎಲ್ಲಿದೆಯೆಂದು ತಿಳಿಯದವರೂ ಈಗ ಯೂಟ್ಯೂಬ್ ನೋಡಿಕೊಂಡು ಅಂಚಿನಿಂದ ನಡುವಿಗೆ ಹೊಲಿಯುತ್ತಾರೆ.

ಇದು ಸಂತೋಷದ ಸಂಗತಿಯೇ. ದುಡ್ಡು ಕೊಡದೆ, ದೇಶ ದಾಟದೆ ಒಂದು ಮನೆವಾರ್ತೆಯ ಕೈಚಳಕ ಕಲಿಯಲು ಸಿಗುವುದು ಸಣ್ಣ ಮಾತಲ್ಲ. ಆದರೆ ವಿಡಿಯೊದಲ್ಲಿ ಸುಲಭವಾಗಿ ದಾಟಿಹೋಗುವುದು ಕೈಯ ಕೆಲಸ ಮಾತ್ರ. ಅಂಗಡಿಯಿಂದ ತಂದ ಹೊಸ ಬಟ್ಟೆಯನ್ನು ಕತ್ತರಿಸಿ ಹೊಲಿದಾಗ ತಾಯಿಯ ಸೀರೆ ಯಾವುದು, ಮಗುವಿನ ಅಂಗಿ ಯಾವುದು ಎಂದು ಬೆರಳಿಟ್ಟು ಹೇಳುವ ಸುಖ ಅದರಲ್ಲಿ ಇರುವುದಿಲ್ಲ. ಸಿದ್ದಿ ಕೌದಿಯಲ್ಲಿ ಹೊಲಿದವಳ ಮನೆ ಕಾಣುತ್ತದೆ. ಕ್ರೈಸ್ತರ ಕೌದಿಯಲ್ಲಿ ಶಿಲುಬೆ, ಮುಸ್ಲಿಮರದರಲ್ಲಿ ಅರ್ಧಚಂದ್ರ ಬರುವುದುಂಟು. ಇವೆಲ್ಲ ಹೊಲಿದವರ ಬಾಯಿಂದಲೇ, ಅವರ ಕೊಂಕಣಿಯಲ್ಲಿ, ಕನ್ನಡದಲ್ಲಿ ದಾಖಲಾಗಬೇಕು. ಇಂಗ್ಲಿಷ್ ಪಾಠದಷ್ಟೇ ಸಲೀಸಾಗಿ ಅದೂ ಮುಂಡಗೋಡದ ಹುಡುಗಿಯ ಮೊಬೈಲಿನಲ್ಲಿ ತೆರೆದುಕೊಳ್ಳಬೇಕು.

ಸಿದ್ದಿ ಹೆಂಗಸರು ಕೌದಿಯ ನಾಲ್ಕು ಮೂಲೆಗಳಲ್ಲಿ ಪುಟ್ಟ ಚೌಕ ಬಟ್ಟೆಗಳನ್ನು ತ್ರಿಕೋನವಾಗಿ ಮಡಚಿ, ಒಂದರ ಮೇಲೊಂದು ಇಟ್ಟು ಹೊಲಿಯುತ್ತಾರೆ. ಅದೇ ಫುಲಾ, ಎಂದರೆ ಹೂವು. ಅದರಿಂದ ಬೆಚ್ಚಗಾಗುವುದಿಲ್ಲ, ಬಾಳಿಕೆಯೂ ಹೆಚ್ಚುವುದಿಲ್ಲ. ಆದರೂ ಫುಲಾ ಇಲ್ಲದ ಕೌದಿ ಅವರ ಪಾಲಿಗೆ ಬೆತ್ತಲೆ.